ಪರದೆಯತ್ತ ತಿರುಗಿ ಹೇಳುವ ಮಾತು

ನಮ್ಮ ಹೆಂಗಸರ ಡಾಕ್ಟರಮ್ಮ ಲ್ಯಾಬಿನ ರಿಪೋರ್ಟನ್ನು ಮೊದಲು ಓದುವವರೇ ಅಲ್ಲ, ಅದನ್ನು ಮೇಜಿನ ಮೇಲೆ ಬೋರಲು ಹಾಕಿ, ಮೇಲೆ ಕನ್ನಡಕವಿಟ್ಟು, "ಉರಿ ಇದೆಯೇನಮ್ಮ? ವಾಸನೆ? ಬಿಳಿ ಹೋಗ್ತಿದೆಯಾ?" ಎಂದು ಪಕ್ಕದ ನರ್ಸಿಗೂ ಕೇಳಿಸದಷ್ಟು ಮೆತ್ತಗೆ ವಿಚಾರಿಸುತ್ತಾರೆ. ತೊಂದರೆಯಿದ್ದರೆ ಮಾತ್ರೆ ಬರೆಯುತ್ತಾರೆ. ಏನೂ ಇಲ್ಲವೆಂದರೆ, ಯೋನಿಸ್ರಾವದಲ್ಲಿ ಸಿಕ್ಕ ಕ್ರಿಮಿಯ ಹೆಸರಿನ ಮುಂದೆ ಪಾಸಿಟಿವ್ ಎಂದು ಎಷ್ಟು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ಅವರ ಪೆನ್ನಿನ ಮುಚ್ಚಳ ತೆರೆಯದು: "ಕಾಗದಕ್ಕೆ ಔಷಧಿ ಕೊಡಲ್ಲ ನಾನು." ಇಷ್ಟು ಪಿಸುಮಾತಿನವರು ಒಂದೇ ಒಂದು ಮಾತನ್ನು ಮಾತ್ರ ಕಂಚಿನ ಕಂಠದಲ್ಲಿ, ಬಾಗಿಲ ಪರದೆಯತ್ತ ತಿರುಗಿ ಹೇಳುತ್ತಾರೆ: "ಈ ಕ್ರಿಮಿ ಎಷ್ಟೋ ಹೆಂಗಸರ ಮೈಯಲ್ಲಿ ತಾನಾಗೇ ಇರುತ್ತೆ. ಇದನ್ನಿಟ್ಕೊಂಡು ಯಾರ ನಡತೆಯನ್ನೂ ಅಳೆಯೋಕಾಗಲ್ಲ." ಆಮೇಲೆ, ಪರದೆಯ ಕೆಳಗೆ ಕಾಣುವ ಗಂಡನ ಪಾದಗಳು ಒಳಗೆ ಬಂದು ಹೆಂಡತಿಯ ಪಕ್ಕದಲ್ಲಿ ನಿಲ್ಲುವವರೆಗೆ ಮುಂದಿನವರನ್ನು ಕರೆಯುವುದಿಲ್ಲ.