ಅವ್ವನ ಹೆಸರಿನ ಸರ್ಟಿಫಿಕೇಟು

ಸೋದರತ್ತೆಗೆ ಲಕ್ವಾ ಹೊಡೆದಾಗ ಸಾಲಹಳ್ಳಿಯಲ್ಲಿ ಆಕೆಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಸವದತ್ತಿಯ ನಮ್ಮ ಮನೆಗೇ ಕರೆತಂದೆ. ಎತ್ತಿ ಇಳಿಸುವುದು ಅವ್ವನಿಂದ ಆಗದ್ದಕ್ಕೆ ಒಬ್ಬ ಹೆಂಗಸನ್ನು ಗೊತ್ತು ಮಾಡಿದೆ. ನನ್ನ ಮಾಸ್ತರಿಕೆಯ ಪಗಾರದಲ್ಲಿ ಅವಳದ್ದೇ ದೊಡ್ಡ ಪಾಲು.

ಎರಡು ಸಾವಿರದ ಆಸುಪಾಸಿನ ಒಂದು ಫೆಬ್ರುವರಿ, ಟ್ಯಾಕ್ಸಿನ ಕಾಗದ ಕೊಡುವ ಹೊತ್ತು. ಮನೆಯಲ್ಲಿ ಅಂಗವಿಕಲರನ್ನು ಸಾಕುವವರಿಗೆ ವಿನಾಯಿತಿ ಇದೆ ಎಂದು ಸಾಲೆಯ ಕ್ಲಾರ್ಕು ಹೇಳಿದ. ನಾನು ಹಿಗ್ಗುವಷ್ಟರಲ್ಲಿ, "ಆದ್ರ ಅತ್ತಿ ಬರಂಗಿಲ್ರಿ ಸರ. ಹೇಣ್ತಿ, ಮಕ್ಕಳು, ತಾಯಿ-ತಂದಿ, ಒಡಹುಟ್ಟಿದವರು, ಇಷ್ಟ ಮಂದಿ" ಎಂದ.

ನನಗೆ ಸಿಟ್ಟು ಬಂತು. ನನ್ನನ್ನು ಎತ್ತಿ ಆಡಿಸಿದವಳು ಸರಕಾರದ ಲೆಕ್ಕದಲ್ಲಿ ನನ್ನವಳಲ್ಲ. ಸಿಟ್ಟಿನ ಬೆನ್ನಿಗೇ ದುರ್ಬುದ್ಧಿ ಹೊಳೆಯಿತು. ಅವ್ವನ ಹೆಸರು ಹೇಳಿ ಅತ್ತೆಯನ್ನು ಸರಕಾರಿ ದವಾಖಾನೆಗೆ ಒಯ್ದೆ. ಡಾಕ್ಟರು ಆ ಹೆಸರು ಕೂಗಿದಾಗ, ಮಾತು ಬಿದ್ದುಹೋಗಿದ್ದ ಅತ್ತೆ ನನ್ನ ಮುಖವನ್ನೇ ನೋಡಿದಳು. ನಾನು ಹೂಂ ಅಂದೆ. ಇನ್ನು ಎದ್ದು ಓಡಾಡಲಾರಳು ಎಂದು ಬರೆದು ಸಿಕ್ಕೆ ಒತ್ತಿಕೊಟ್ಟರು.

ಅವ್ವ ಅದನ್ನು ನನ್ನಿಂದ ಓದಿಸಿ ಕೇಳಿದಳು. "ಯಪ್ಪಾ, ನನ್ನ ಹೆಸರಲೆ ಹಿಂತಾದ್ದು ಯಾಕ ಬರಸಿದಿ?" ಎಂದಳು. ಬರೀ ಕಾಗದ ಎಂದು ಗದರಿದೆ.

ಕ್ಲಾರ್ಕು ಸರ್ಟಿಫಿಕೇಟು ನೋಡಿದ, ನನ್ನನ್ನು ನೋಡಿದ, ಫೈಲಿಗೆ ಸೇರಿಸಿದ. ಅಂದಿನಿಂದ ದಿನಾ ಅದೇ ಪ್ರಶ್ನೆ: "ತಾಯಿಯವರು ಹೆಂಗದಾರ್ರಿ ಸರ?" ನಕ್ಕು ಕೇಳುತ್ತಿದ್ದ. ಶ್ರಾವಣದಲ್ಲಿ ಅತ್ತೆ ತೀರಿಕೊಂಡಳು. ಅದಾಗಿ ವಾರಕ್ಕೆ ಅವನು ಹತ್ತಿರ ಬಂದು, "ಟ್ಯಾಕ್ಸಿನವರು ಒಮ್ಮೊಮ್ಮೆ ಮನಿಗೇ ಬಂದು ನೋಡ್ತಾರಂತ್ರಿ" ಎಂದ.

ಆ ಸಂಜೆ ಅವ್ವ ಸಂತೆಗೆ ಚೀಲ ಹಿಡಿದು ಹೊರಟಿದ್ದಳು. ತಡೆದೆ. ಕೆಲವು ದಿನ ಹೊರಗೆ ಕಾಣಿಸಿಕೊಳ್ಳಬೇಡ ಎಂದೆ. ಕಟ್ಟೆಗೂ ಬೇಡವೇ ಎಂದು ಕೇಳಿದಳು. ಕಟ್ಟೆಗೂ ಬೇಡ ಎಂದೆ. ಬಾಗಿಲು ಬಡಿದ ಸಪ್ಪಳವಾದರೆ ಅವ್ವ ತಾನಾಗಿಯೇ ಒಳಗೆ ಹೋಗಿ ಅತ್ತೆಯ ಹಾಸಿಗೆಯಲ್ಲಿ ಹೊದ್ದು ಮಲಗುತ್ತಿದ್ದಳು. ನಾನು ಹೇಳಿಕೊಟ್ಟದ್ದಲ್ಲ, ಬೇಡ ಎಂದದ್ದೂ ಇಲ್ಲ.

ಯಾರೂ ಬರಲಿಲ್ಲ. ಮರುವರ್ಷ ನಾನು ವಿನಾಯಿತಿ ಕೇಳಲಿಲ್ಲ, ಕ್ಲಾರ್ಕಿಗೂ ರಾಮದುರ್ಗಕ್ಕೆ ವರ್ಗವಾಯಿತು. ಆ ಸುದ್ದಿ ಕೇಳಿದ ದಿನ ಓಡುತ್ತ ಮನೆಗೆ ಬಂದು, ಇನ್ನು ಎಲ್ಲಿ ಬೇಕಾದರೂ ಹೋಗು ಎಂದೆ. ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಕಾಲು ಏಳವಲ್ವು, ಯಪ್ಪಾ."

ದವಾಖಾನೆಗೆ ಹೋಗೋಣ ಏಳು ಎಂದು ರಟ್ಟೆ ಹಿಡಿದೆ.

"ಯಾಕ ಬೇಕು?" ಎಂದಳು. "ಅವರು ಬರದ ಕೊಟ್ಟಾರಲ್ಲ."