ಮಸ್ಕತ್‌ಗೆ ಯಾವ ರೊಟ್ಟಿ

ಬೊಮ್ಮನಹಳ್ಳಿಯಲ್ಲಿ ಟ್ಯಾಕ್ಸಿ ನಿಂತೇ ಇದೆ. ಸಂಜೆಬಿಸಿಲಿಗೆ ರಸ್ತೆಯ ಧೂಳೆಲ್ಲ ಹೊನ್ನಾಗಿದೆ, ತಲೆಯ ಮೇಲೆ ಮೆಟ್ರೊ ಸದ್ದಿಲ್ಲದೆ ತೇಲಿಹೋಗುತ್ತಿದೆ. ತೊಡೆಯ ಮೇಲಿನ ರೊಟ್ಟಿಗಂಟಿನ ಶಾಖಕ್ಕೆ ನನಗೆ ಕಣ್ಣು ಎಳೆಯುತ್ತಿದೆ.

ಗಂಟು ಕೊಟ್ಟವಳು ಶಾಂತವ್ವ. ಯಾದಗಿರಿ ಕಡೆಯವಳು, ಸಿಂಗಸಂದ್ರದ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಾಳೆ. ಗಂಡ ಮಸ್ಕತ್‌ನಲ್ಲಿ ಗಾರೆ ಕೆಲಸಕ್ಕಿದ್ದಾನೆ. ನಾನೂ ಅಲ್ಲಿಗೇ ಹೊರಟಿದ್ದೇನೆಂದು ತಿಳಿದು, ಅವನಿಗೆ ಕೊಡಲು ಬೆಳಿಗ್ಗೆ ಖಡಕ್ ರೊಟ್ಟಿ ತಂದಿದ್ದಳು. ದೂರದ ಊರಿಗೆ ಅವರು ಕಟ್ಟಿಕೊಡುವುದು ಹಪ್ಪಳದಂತೆ ಒಣಗಿಸಿದ ಆ ರೊಟ್ಟಿಯನ್ನೇ, ತಿಂಗಳಾದರೂ ಕೆಡುವುದಿಲ್ಲ.

"ಇಮಾನ್‌ದಾಗ ಎಷ್ಟೊತ್ತು ಆಗ್ತದ್ರೀ ಅಕ್ಕಾರ?" ಎಂದಳು.

ಮೊಬೈಲ್ ನೋಡಿ, "ನಾಲ್ಕು ಗಂಟೆ ಕಣಮ್ಮ, ಅಷ್ಟೂ ಆಗಲ್ಲ" ಎಂದೆ.

ಅವಳು ಬೆರಳು ಮಡಿಸಿ ಎಣಿಸಿದಳು. "ನಮ್ಮೂರಿಗೇ ಒಂದು ರಾತ್ರಿ ಬೇಕು. ಮತ್ತ ಇವ್ರು ಹಬ್ಬಕ್ಕ ಕರದಾಗೆಲ್ಲ 'ಭಾಳ ದೂರ' ಅಂತಾರಲ್ರೀ?"

ಅವಳು ಖಡಕ್ ರೊಟ್ಟಿಯನ್ನು ವಾಪಸ್ ಒಯ್ದಳು.

ಸಂಜೆ ನಾನು ಟ್ಯಾಕ್ಸಿ ಹತ್ತುವಾಗ ಓಡಿಬಂದಳು. ಕೈಯಲ್ಲಿ ಆಗಷ್ಟೇ ಬಡಿದು ಬೇಯಿಸಿದ ಮೆತ್ತನೆ ರೊಟ್ಟಿ, ಬಿಳಿ ಬಟ್ಟೆಯಲ್ಲಿ. "ಬಿಸಿ ಆರೂದ್ರೊಳಗ ಅವ್ರ ಕೈಯಾಗ ಇಡ್ರಿ. ಆಮ್ಯಾಗ ದೂರ ಅನ್ಲಿ, ನೋಡ್ತೀನಿ."

ಆಕಾಶದ ಲೆಕ್ಕ ಹೇಳಿದ್ದೆ, ಈ ರಸ್ತೆಯದನ್ನು ಹೇಳಿರಲಿಲ್ಲ. ಮುಂದಿನ ಬಸ್ಸು ಒಂದು ಮಾರು ಸರಿದು ಮತ್ತೆ ನಿಂತಿತು. ಆ ನಾಲ್ಕು ಗಂಟೆ ಇನ್ನೂ ಶುರುವೇ ಆಗಿಲ್ಲ.

ಹಾಕಿಕೊಂಡಿದ್ದ ಸ್ವೆಟರ್ ಬಿಚ್ಚಿ ಗಂಟಿಗೆ ಸುತ್ತಿದೆ.