ಕಾಲು ಮುಂದಾಗಿ ಹುಟ್ಟಿದವಳು

ಇವತ್ತು ಬಕೆಟ್ ಎತ್ತಲು ಬಗ್ಗಿದವಳಿಗೆ ಸೊಂಟ ಹಿಡಿದುಕೊಂಡಿತು. ಗಂಡ ಕರ್ಪೂರ ಹಾಕಿ ಎಣ್ಣೆ ಬಿಸಿ ಮಾಡಿದರು. ಆ ಪರಿಮಳಕ್ಕೆ ನಾನು ಉಪ್ಪುಂದದ ನಮ್ಮ ಹಳೆಯ ಜಗಲಿಗೆ ಹೋಗಿಬಿಟ್ಟೆ.

ಗದ್ದೆಯಲ್ಲಿ ನೆಟ್ಟಿ ಮುಗಿಸಿ ಬಂದ ಅಮ್ಮಮ್ಮ ಅಲ್ಲಿ ಬೋರಲು ಮಲಗಿ ಕರೆಯುತ್ತಿದ್ದಳು. "ಹೆಣ್ಣೇ, ಬಾ, ಸೊಂಟ ಮೆಟ್ಟ್. ಕಾಲ್ ಮುಂದಾಯಿ ಹುಟ್ಟದಳ್ ಮೆಟ್ರೆ ಉಳ್ಕ್ ಹೋತ್ತ್."

ದೊಡ್ಡವರನ್ನು ತುಳಿಯಲು ನನಗೆ ಹೆದರಿಕೆ. ಮೂರು ಸಲ ಮೆಲ್ಲಗೆ ಪಾದವಿಟ್ಟು, ಆಮೇಲೆ ಅದೇ ಬೆನ್ನು ಮುಟ್ಟಿ ನಮಸ್ಕರಿಸುತ್ತಿದ್ದೆ. ಕಾಲಡಿಯಲ್ಲಿ ಆ ಬೆನ್ನು ದೋಣಿಯಂತೆ ಏರಿಳಿಯುತ್ತಿತ್ತು. "ಹೋಯ್ತ್ ಕಾಣ್" ಎನ್ನುತ್ತಾ ಅವಳು ಏಳುತ್ತಿದ್ದಳು.

"ಅಮ್ಮಾ, ನಾನೆಂತ ಮಾಡುದ್?" ಬೋರಲು ಮಲಗಿದ್ದ ನನ್ನ ಪಕ್ಕ ನಿಂತು ಪುಟ್ಟ ಮಗಳು ಅಳುಮುಖದಲ್ಲಿ ಕೇಳಿದಾಗ ಇವತ್ತಿಗೆ ಮರಳಿದೆ.

ಸಿಸೇರಿಯನ್ ಆಗಿ ಹುಟ್ಟಿದ ಅವಳಿಗೆ ಹೇಳಿದೆ, "ಮೆಟ್ಟ್ ಮಗಾ. ನೀನೂ ಕಾಲ್ ಮುಂದಾಯಿ ಹುಟ್ಟದಳೇ."

ಹೇಳಿದ ಮೇಲೆ ಅಮ್ಮಮ್ಮನ ಮೇಲೆ ಮೊದಲ ಸಲ ಅನುಮಾನ ಬಂತು.